ಮಳೆಗಾಲದ ಬಟ್ಟೆ, ಒಣಗಿಸುವ ಯಂತ್ರದ ಅಳತೆ

ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಒಂದು ಮಳೆಗಾಲವನ್ನು ಕಳೆದವರಿಗೆ ಒಣಗಿದ ಬಟ್ಟೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳದ್ದು. ಆಗ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಹೊಟ್ಟೆ ತುಂಬ ಉಂಡವನ ಮುಂದೆ ಮತ್ತೆ ಎಲೆ ಹಾಕಿದಂತೆ, ಅಂಥ ಗಾಳಿಯ ಮುಂದೆ ಬಟ್ಟೆ ಹರವಿ ಏನು ಪ್ರಯೋಜನ? ಮೂರು ದಿನ ಹಗ್ಗದ ಮೇಲಿದ್ದ ಬಟ್ಟೆ ಒಣಗುವ ಬದಲು ಮುಗ್ಗಲು ಹಿಡಿಯುತ್ತದೆ.

ನಮ್ಮ ಹಿರಿಯರು ಇದಕ್ಕೆ ಉಪಾಯ ಕಾಣದೆ ಇರಲಿಲ್ಲ. ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಹರವುತ್ತಿದ್ದರು. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆಗಳನ್ನು ಬೆಚ್ಚಗೆ ಒಣಗಿಸುತ್ತಿದ್ದರು. ಪಟ್ಟಣದ ಮನೆಗಳಿಂದ ಒಲೆ ಹೋಯಿತು, ಮಳೆ ಹೋಗಲಿಲ್ಲ. ಬಿಸಿಗಾಳಿಯಲ್ಲಿ ಬಟ್ಟೆಯನ್ನು ಉರುಳಾಡಿಸುವ ಇಂದಿನ ಡ್ರೈಯರ್ ಆ ಬುಟ್ಟಿಯ ವಂಶದ್ದೇ. ಅದನ್ನು ಕೊಳ್ಳಹೊರಟವರ ಮೊದಲ ಪ್ರಶ್ನೆ, ಎಷ್ಟು ದೊಡ್ಡದು ಬೇಕು ಎಂಬುದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಎರಡು ತೊಟ್ಟಿಗಳ ಒಗೆಯುವ ಯಂತ್ರದಲ್ಲಿ ನಾವು ಡ್ರೈಯರ್ ಎಂದು ಕರೆಯುವ ಭಾಗ ಬಟ್ಟೆಯನ್ನು ಹಿಂಡುತ್ತದೆಯೇ ಹೊರತು ಒಣಗಿಸುವುದಿಲ್ಲ. ಆದರೆ ಈ ಹಿಂಡುವಿಕೆಯನ್ನು ಹಗುರವಾಗಿ ಎಣಿಸಬಾರದು. ಕೈಯಲ್ಲಿ ಹಿಂಡಿದ ಹತ್ತಿಬಟ್ಟೆಯಲ್ಲಿ ಅದರ ಒಣತೂಕದಷ್ಟೇ ನೀರು ಉಳಿದಿರುವುದುಂಟು. ನಿಮಿಷಕ್ಕೆ 1,200 ಸುತ್ತು ತಿರುಗುವ ಯಂತ್ರ ಅದನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಪ್ರಕೃತಿ ಕೇಳುವ ಕಂದಾಯವೇ ಸುಮಾರು 0.7 ಯೂನಿಟ್ ವಿದ್ಯುತ್ತು. ಕಾಯಿಲ್ ಕಾಯಿಸಿ ಒಣಗಿಸುವ ಯಂತ್ರ ತನ್ನ ನಷ್ಟವನ್ನೂ ಸೇರಿಸಿ ಒಂದು ಯೂನಿಟ್ಟಿಗೆ ಹತ್ತಿರವಾಗಿ ಅಥವಾ ಅದನ್ನೂ ಮೀರಿ ಬೇಡುತ್ತದೆ. ಆದ್ದರಿಂದ ನಾಲ್ಕು ಕಿಲೋ ಬಟ್ಟೆಯಲ್ಲಿ ನಾಲ್ಕು ಲೀಟರ್ ನೀರಿದೆಯೋ ಎರಡೇ ಲೀಟರ್ ಇದೆಯೋ ಎಂಬುದರ ಮೇಲೆ ಸಮಯವೂ ಖರ್ಚೂ ನಿಂತಿವೆ. ಚೆನ್ನಾಗಿ ಹಿಂಡುವುದು ಮೊದಲು, ಒಣಗಿಸುವುದು ಆಮೇಲೆ.

ಯಂತ್ರದ ಮೇಲೆ ಬರೆದಿರುವ ಕಿಲೋ ಒಣಬಟ್ಟೆಯ ತೂಕ, ಒದ್ದೆಬಟ್ಟೆಯದಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಎಣಿಸಿ ಅಳತೆ ನಿರ್ಧರಿಸುವುದಕ್ಕಿಂತ, ಒಂದು ಸಲ ಒಗೆಯುವ ಬಟ್ಟೆಗಳನ್ನು ಬುಟ್ಟಿಗೆ ತುಂಬಿ ತೂಗಿ ನೋಡುವುದು ಮೇಲು. ಅಂಗಿಯೊಂದು ಸುಮಾರು 200 ಗ್ರಾಂ, ನೂಲಿನ ಸೀರೆ ಅರ್ಧ ಕಿಲೋದ ಮೇಲೆ, ಮೈ ಒರಸುವ ದಪ್ಪ ಟವೆಲು 400 ರಿಂದ 500 ಗ್ರಾಂ ತೂಗಬಹುದು. ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯಲ್ಲಿ ದಿನದ ಬಟ್ಟೆ ನಾಲ್ಕು ಕಿಲೋದ ಆಚೀಚೆ ಬಂದೀತು. ದಿನವೂ ಒಗೆಯುವುದಾದರೆ ಆರೇಳು ಕಿಲೋದ ಯಂತ್ರ ಸಾಕು. ಎರಡು ದಿನಕ್ಕೊಮ್ಮೆ, ಹಾಸಿಗೆಯ ದುಪ್ಪಟಿಗಳನ್ನೂ ಸೇರಿಸಿ ಒಗೆಯುವುದಾದರೆ ಅದಕ್ಕಿಂತ ದೊಡ್ಡದು ಬೇಕಾದೀತು. ಬಟ್ಟೆ ಬಿದ್ದೇಳಲು ಜಾಗವಿಲ್ಲದಷ್ಟು ತುಂಬಿದರೆ ಬಿಸಿಗಾಳಿ ಒಳಮಡಿಕೆಗಳನ್ನು ಮುಟ್ಟುವುದಿಲ್ಲ. ಹೊರಗೆ ಒಣಗಿ ಒಳಗೆ ತೇವ ಉಳಿಯುತ್ತದೆ, ಸುಕ್ಕುಗಳು ಬೇರೆ. ಹಾಗೆಂದು ಬೇಕಾದ್ದಕ್ಕಿಂತ ಬಹಳ ದೊಡ್ಡ ಯಂತ್ರವನ್ನು ತಂದು ಎರಡು ಅಂಗಿಗಾಗಿ ತಿರುಗಿಸುವುದೂ ಜಾಣತನವಲ್ಲ.

ಒಗೆದು ತಾನೇ ಒಣಗಿಸುವ ಜಂಟಿ ಯಂತ್ರದಲ್ಲಿ ಎರಡು ಅಂಕಿಗಳಿರುತ್ತವೆ. ಎಂಟು ಕಿಲೋ ಒಗೆಯುವ ಯಂತ್ರ ಐದೇ ಕಿಲೋ ಒಣಗಿಸುವುದು ಸಾಮಾನ್ಯ, ಏಕೆಂದರೆ ನೀರಿನಲ್ಲಿ ಒತ್ತಾಗಿ ಕೂತ ಬಟ್ಟೆಗೆ ಗಾಳಿಯಲ್ಲಿ ಹೆಚ್ಚು ಜಾಗ ಬೇಕು. ಅಂಗಡಿಯವನು ದೊಡ್ಡ ಅಂಕಿಯನ್ನು ಹೇಳಿದರೆ ನಾವು ಚಿಕ್ಕ ಅಂಕಿಯನ್ನು ಕೇಳಬೇಕು.

ಸ್ಥಳ ಮತ್ತು ವಿದ್ಯುತ್ತಿನ ವಿಚಾರ ಬೇಗ ಮುಗಿಯುವಂಥದು. ಎರಡೂವರೆ ಕಿಲೋವ್ಯಾಟಿನ ಯಂತ್ರ ಹನ್ನೊಂದು ಆಂಪಿಯರಿನಷ್ಟು ಎಳೆಯುವುದರಿಂದ ಅದಕ್ಕೆ ದೀಪದ ಸಾಕೆಟ್ ಸಲ್ಲದು, 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೇ ಬೇಕು. ಆವಿಯನ್ನು ಕೊಳವೆಯಿಂದ ಹೊರದೂಡುವ ಯಂತ್ರಕ್ಕೆ ಹೊರಗೋಡೆ ಹತ್ತಿರವಿರಬೇಕು. ಇಲ್ಲವಾದರೆ ಬಟ್ಟೆಯ ಬೂಷ್ಟು ಗೋಡೆಗೆ ಬರುತ್ತದೆ. ಆವಿಯನ್ನು ನೀರಾಗಿಸಿ ಹಿಡಿದಿಡುವ ಯಂತ್ರಕ್ಕೆ ಈ ಕೊಳವೆ ಬೇಡ. ಹೀಟ್‌ಪಂಪ್ ಬಗೆಯದು ಕೊಳ್ಳುವಾಗ ದುಬಾರಿ, ಆದರೆ ವಿದ್ಯುತ್ತು ಅರ್ಧದಷ್ಟರಲ್ಲೇ ಮುಗಿಯುತ್ತದೆ.

ಕೊನೆಗೊಂದು ಮಾತು. ಅಂಗಡಿಯಲ್ಲಿ ಹಣ ಎಣಿಸುವವರು ಒಬ್ಬರು, ಹನಿ ಬಿದ್ದೊಡನೆ ಅಂಗಳಕ್ಕೆ ಓಡಿ ಬಟ್ಟೆ ತೆಗೆಯುವವರು ಇನ್ನೊಬ್ಬರು. ಮನೆಯ ಬಟ್ಟೆಯ ತೂಕ, ಒದ್ದೆ, ಅವಸರ ಎಲ್ಲವೂ ಆ ಇನ್ನೊಬ್ಬರ ಕೈಗೆ ಗೊತ್ತು. ಯಂತ್ರದ ಅಳತೆಯನ್ನು ಮೊದಲು ಅವರನ್ನು ಕೇಳಿ ತಿಳಿಯುವುದು ಒಳ್ಳೆಯದು.