ಕುಸ್ತಿಯಲ್ಲಿ ಕಿವಿಯ ಕಾಪು

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನನಗೆ ಒಂದು ಕಾಗದ ಬಂದಿತು. ಆಕೆಯು ಮದುವೆಯಾದ ಮೇಲೆ ಗಂಡನೊಡನೆ ಅಮೇರಿಕಾದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ ಅಲ್ಲಿಯೇ ನೆಲಸಿರುವಳು. ಆಕೆಯ ಹದಿನೈದು ವಯಸ್ಸಿನ ಮಗಳು ಅಲ್ಲಿನ ಹೈಸ್ಕೂಲಿನ ಕುಸ್ತಿಯ ತಂಡವನ್ನು ಸೇರಿದ್ದಾಳಂತೆ. “ಟೀಚರಮ್ಮಾ, ನೀವು ನಮಗೆ ಕೋಲಾಟವನ್ನೂ ಥ್ರೋಬಾಲನ್ನೂ ಕಲಿಸಿದಿರಿ. ಇವಳು ಕುಸ್ತಿಯನ್ನೇ ಹಿಡಿಯುತ್ತೇನೆಂದು ಹಟ ತೊಟ್ಟಿದ್ದಾಳೆ. ತಲೆಗೆ ಕಟ್ಟಿಕೊಳ್ಳುವುದಕ್ಕೆ ಏನೋ ಒಂದು ಸಾಧನವನ್ನು ಕೊಟ್ಟಿದ್ದಾರೆ. ಅದನ್ನು ಕಟ್ಟಿಕೊಂಡರೆ ತಲೆಗೆ ಏನೂ ಆಗುವುದಿಲ್ಲವೇ? ಜಡೆಯನ್ನು ಕತ್ತರಿಸಬೇಕೆಂದು ಯಾರೋ ಹೇಳಿದರಂತೆ, ಅದು ನಿಜವೇ?” ಎಂದು ಆಕೆ ಕೇಳಿದ್ದಳು.

ಬಹುಕಾಲ ಅಂಗಸಾಧನೆಯನ್ನು ಕಲಿಸಿದವಳಾದರೂ ಕುಸ್ತಿಯನ್ನು ನಾನು ದೂರದಿಂದ ನೋಡಿದವಳೇ ಹೊರತು ಬಲ್ಲವಳಲ್ಲ. ಆದಕಾರಣ ಉತ್ತರ ಬರೆಯುವ ಮೊದಲು ಓದಿ ತಿಳಿದುಕೊಳ್ಳಬೇಕಾಯಿತು. ತಿಳಿದುದನ್ನು ಒಬ್ಬ ತಾಯಿಗೆ ಮಾತ್ರ ಬರೆದು ಬಿಡುವುದು ಸರಿಯಲ್ಲವೆಂದು ತೋರಿತು. ಯಾಕಂದರೆ ಹೆಂಗಸರ ಕುಸ್ತಿ ಈಗ ವಿಚಿತ್ರವಾದ ಸಂಗತಿಯಲ್ಲ. 2004ನೆಯ ಇಸವಿಯಲ್ಲಿ ಅಥೆನ್ಸಿನ ಒಲಿಂಪಿಕ್ ಪಂದ್ಯಗಳಲ್ಲಿ ಅದಕ್ಕೆ ಪ್ರವೇಶ ದೊರೆಯಿತು. 2016ರಲ್ಲಿ ರಿಯೋ ನಗರದಲ್ಲಿ ನಮ್ಮ ದೇಶದ ಸಾಕ್ಷಿ ಮಲಿಕ್ ಕಂಚಿನ ಪದಕವನ್ನು ಪಡೆದಳು. ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ ಇನ್ನೂ ಒಬ್ಬಿಬ್ಬರಿಗೆ ಇದೇ ಚಿಂತೆ ಬಾರದೆಂದು ಹೇಳಲಾಗದು.

ಮೈಸೂರಿನ ದಸರೆಯ ಕುಸ್ತಿಗಳನ್ನು ಕಂಡವರಿಗೆ, ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿ ಪಳಗಿದ ಪೈಲ್ವಾನರಲ್ಲಿ ಕೆಲವರ ಕಿವಿಗಳು ಮುದುಡಿ ಗಂಟುಗಂಟಾಗಿರುವುದು ನೆನಪಿರಬಹುದು. ಹಳೆಯ ಉಸ್ತಾದರು ಅದನ್ನು ಊನವೆಂದು ಎಣಿಸದೆ ವಿದ್ಯೆಯ ಮುದ್ರೆಯೆಂದು ಹೆಮ್ಮೆಪಡುವರು. ಇಂಗ್ಲಿಷರು ಅದಕ್ಕೆ ಹೂಕೋಸಿನ ಕಿವಿಯೆಂದು ಹೆಸರಿಟ್ಟಿರುವರು. ಈ ಕಿವಿಯನ್ನು ತಡೆಯುವುದಕ್ಕಾಗಿಯೇ ಅಮೇರಿಕಾದ ಆ ಸಾಧನವು ಹುಟ್ಟಿತು. ಅದರ ಹೆಸರು ‘ಹೆಡ್‌ಗೇರ್’. ಹೆಸರಿನಲ್ಲಿ ತಲೆಯಿದ್ದರೂ ಅದರ ಕೆಲಸವೆಲ್ಲಾ ಕಿವಿಯದು. ತಾಯಂದಿರ ತಪ್ಪು ತಿಳುವಳಿಕೆಗೆ ಅರ್ಧ ಕಾರಣ ಈ ಹೆಸರೇ ಎಂದು ನನ್ನ ಅಭಿಪ್ರಾಯ.

ಕಿವಿಗೆ ಆಗುವುದೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಓಲೆ ತೊಡುವ ಕೆಳಗಿನ ಮೆತ್ತನೆಯ ತುದಿಯನ್ನು ಬಿಟ್ಟರೆ, ನಮ್ಮ ಹೊರಗಿವಿಯ ಆಕಾರಕ್ಕೆಲ್ಲಾ ಆಧಾರವಾಗಿರುವುದು ಮೃದ್ವಸ್ಥಿ, ಅಂದರೆ ಬಾಗುವ ಮೆತ್ತೆಲುಬು. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಇದರ ಮೇಲೆ ಅಂಟಿಕೊಂಡಿರುವ ತೆಳ್ಳಗಿನ ಪೊರೆಯೊಂದು ತನ್ನ ನಾಳಗಳಿಂದ ಇದಕ್ಕೆ ಆಹಾರವನ್ನು ಒದಗಿಸುವುದು. ಕುಸ್ತಿಯಲ್ಲಿ ತಲೆಗೆ ತಲೆ ಒತ್ತಿ ಉಜ್ಜುವಾಗಲೂ, ಎದುರಾಳಿಯ ತೋಳಿನ ಹಿಡಿತದಿಂದ ತಲೆಯನ್ನು ಎಳೆದುಕೊಳ್ಳುವಾಗಲೂ ಕಿವಿಯು ಮಡಚಿ ತಿರುಚಿ ಈ ಪೊರೆಯು ಮೃದ್ವಸ್ಥಿಯಿಂದ ಕಿತ್ತು ಬರುವುದುಂಟು. ಆಗ ನಡುವಣ ಸಂದಿನಲ್ಲಿ ರಕ್ತವು ತುಂಬಿ ಕಿವಿಯು ಬೋಂಡದಂತೆ ಊದುವುದು. ಆಹಾರ ತಪ್ಪಿದ ಮೃದ್ವಸ್ಥಿಯು ಅಲ್ಲಲ್ಲಿ ಸಾಯುವುದು. ಒಳಗೆ ನಿಂತ ರಕ್ತದ ಸ್ಥಳದಲ್ಲಿ ನಾರಿನಂಥ ಗಟ್ಟಿ ಮಾಂಸವೂ ಅಡ್ಡಾದಿಡ್ಡಿಯಾದ ಹೊಸ ಮೃದ್ವಸ್ಥಿಯೂ ಬೆಳೆಯುವುವು. ಹೀಗೆ ಒಮ್ಮೆ ಬೆಳೆದು ಗಟ್ಟಿಯಾದ ಮೇಲೆ ಶಸ್ತ್ರಚಿಕಿತ್ಸೆಯ ಹೊರತು ಬೇರೆ ಉಪಾಯವಿಲ್ಲ. ಕೆಲವರಿಗೆ ಕಿವಿಯ ದ್ವಾರವೇ ಕಿರಿದಾಗಿ ಕೇಳುವುದಕ್ಕೂ ತೊಂದರೆಯಾಗುವುದು.

ಆದರೆ ಊತವು ಹೊಸದಾಗಿರುವಾಗ ವೈದ್ಯರು ಆ ರಕ್ತವನ್ನು ಹೊರತೆಗೆದು, ಪೊರೆಯು ಮರಳಿ ಅಂಟಿಕೊಳ್ಳುವಂತೆ ಒತ್ತಿ ಕಟ್ಟಿದರೆ ಕಿವಿಯು ಬಹುಮಟ್ಟಿಗೆ ಮೊದಲಿನಂತಾಗುವುದು. ಒಂದೆರಡು ದಿನಗಳೊಳಗೆ ಹೋದರೆ ಒಳ್ಳೆಯದು. ವಾರ ಕಳೆದರೆ ಕೆಲಸ ಕಠಿನ. ಜೊತೆಯ ಆಟಗಾರರು ತಾವೇ ಸೂಜಿಯಿಂದ ಚುಚ್ಚಿ ರಕ್ತ ತೆಗೆಯುವ ಪದ್ಧತಿಯು ಕುಸ್ತಿಯವರಲ್ಲಿ ಉಂಟು. ಇದು ಬಹಳ ಅಪಾಯಕರ. ಮೃದ್ವಸ್ಥಿಯಲ್ಲಿ ಕೀವು ಸೇರಿದರೆ ಊತಕ್ಕಿಂತಲೂ ಹೆಚ್ಚಿನ ನಾಶವಾಗುವುದು.

ಇದು ಇಂದಿನ ವ್ಯಾಧಿಯಲ್ಲ. ರೋಮ್ ನಗರದಲ್ಲಿ 1885ರಲ್ಲಿ ನೆಲದೊಳಗಿಂದ ದೊರೆತ ಪ್ರಾಚೀನ ಕಂಚಿನ ಮುಷ್ಟಿಮಲ್ಲನ ವಿಗ್ರಹದಲ್ಲಿ ಊದಿ ಕೆಟ್ಟ ಕಿವಿಗಳನ್ನು ಶಿಲ್ಪಿಯು ತಪ್ಪದೆ ತೋರಿಸಿರುವನು. ಗ್ರೀಕರು ಅಭ್ಯಾಸದ ಕಾಲದಲ್ಲಿ ಕಿವಿಗಳಿಗೆ ಕಾಪನ್ನು ಕಟ್ಟಿಕೊಳ್ಳುತ್ತಿದ್ದರು. ಕ್ಸೆನೋಕ್ರಟೀಸನೆಂಬ ತತ್ವಜ್ಞಾನಿಯು, ಈ ಕಾಪನ್ನು ಮಲ್ಲರಿಗಿಂತ ಮೊದಲು ಮಕ್ಕಳಿಗೆ ಕಟ್ಟಬೇಕೆಂದನಂತೆ. ಯಾಕಂದರೆ ಮಲ್ಲರಿಗೆ ಪೆಟ್ಟುಗಳಿಂದ ಕೆಡುವುದು ಕಿವಿ ಮಾತ್ರ, ಮಕ್ಕಳಿಗೋ ದುರ್ಮಾತುಗಳಿಂದ ನಡತೆಯೇ ಕೆಡುವುದು. ಪ್ಲೂಟಾರ್ಕನು ಇದನ್ನು ಬರೆದಿಟ್ಟಿರುವನು. ಉಪಾಧ್ಯಾಯಿನಿಯಾದ ನನಗೆ ಇದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಈಗಿನ ಹೆಡ್‌ಗೇರಿನಲ್ಲಿ ಎರಡು ಬಟ್ಟಲುಗಳಿರುವುವು. ಅವು ಹೊರಗೆ ಗಟ್ಟಿ ಪ್ಲಾಸ್ಟಿಕ್, ಒಳಗೆ ಮೆತ್ತೆ. ಶಬ್ದವು ಕೇಳಿಸುವಂತೆ ರಂಧ್ರಗಳು. ನೆತ್ತಿಯ ಮೇಲೂ ತಲೆಯ ಹಿಂದೆಯೂ ಗಲ್ಲದ ಕೆಳಗೂ ಬರುವ ಪಟ್ಟಿಗಳು ಇವನ್ನು ಹಿಡಿದಿರುವುವು. ಅಮೇರಿಕಾದ ಹೈಸ್ಕೂಲು ಸಂಘಗಳ ರಾಷ್ಟ್ರೀಯ ಒಕ್ಕೂಟದ ನಿಯಮಗಳ ಪ್ರಕಾರ ಪಂದ್ಯಕ್ಕಿಳಿಯುವ ಪ್ರತಿಯೊಬ್ಬರೂ ಇದನ್ನು ಧರಿಸಲೇಬೇಕು. ಇದರಿಂದ ಪ್ರಯೋಜನವುಂಟೇ ಎಂದರೆ ನಿಶ್ಚಯವಾಗಿ ಉಂಟು. 1989ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಅಲ್ಲಿಯ ಕಾಲೇಜುಗಳ 500ಕ್ಕೂ ಹೆಚ್ಚು ಕುಸ್ತಿಗಾರರನ್ನು ವಿಚಾರಿಸಿದರು. ಕಾಪಿಲ್ಲದೆ ಆಡಿದಾಗ ಕಿವಿಯಲ್ಲಿ ರಕ್ತ ಕಟ್ಟಿದವರು ನೂರಕ್ಕೆ 52 ಮಂದಿ, ಕಾಪಿದ್ದಾಗ 26 ಮಂದಿ. ಅಪಾಯವು ಅರ್ಧಕ್ಕಿಳಿಯಿತು, ಆದರೆ ತೀರಲಿಲ್ಲ. ಜಾರಿದ ಬಟ್ಟಲು ತಾನೇ ಕಿವಿಯನ್ನು ಉಜ್ಜುವುದೂ ಉಂಟು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ನಿಯಮದ ಒತ್ತಾಯವಿರುವುದು ಪಂದ್ಯದಲ್ಲಿ. ಒಂದು ಪಂದ್ಯವು ಕೆಲವೇ ನಿಮಿಷಗಳಲ್ಲಿ ಮುಗಿಯುವುದು; ಅಭ್ಯಾಸವೋ ದಿನಕ್ಕೆ ಒಂದೆರಡು ಗಂಟೆಯಂತೆ ತಿಂಗಳುಗಟ್ಟಲೆ ನಡೆಯುವುದು. ಸೆಕೆಯೆಂದೋ, ಪಟ್ಟಿ ಕೊರೆಯುವುದೆಂದೋ, ಮುರಿದ ಕಿವಿಯೇ ಶೂರತ್ವದ ಗುರುತೆಂದೋ ಮಕ್ಕಳು ಅಭ್ಯಾಸದಲ್ಲಿ ಅದನ್ನು ಗೋಡೆಗೆ ತೂಗುಹಾಕುವರು. ನಾನು ಆ ತಾಯಿಗೆ ಬರೆದ ಮೊದಲನೆಯ ಮಾತು ಇದೇ: “ಪಂದ್ಯದ ದಿನ ಅಂಪೈರು ನೋಡಿಕೊಳ್ಳುವರು. ಉಳಿದ ದಿನಗಳಲ್ಲಿ ನೀನು ವಿಚಾರಿಸು.”

ಎರಡನೆಯ ಮಾತು ಇನ್ನೂ ಮುಖ್ಯವಾದದ್ದು. ಈ ಸಾಧನವು ಮಿದುಳನ್ನು ಕಾಯುವುದಿಲ್ಲ. ತಲೆಯು ಮೆತ್ತೆಗೆ ಬಡಿದಾಗ ಅಥವಾ ಮತ್ತೊಬ್ಬರ ಮೊಣಕಾಲಿಗೆ ತಾಗಿದಾಗ ತಲೆಬುರುಡೆಯೊಳಗೆ ಮಿದುಳು ಅಲುಗಿ ಘಾಸಿಗೊಳ್ಳುವುದು. ಕಿವಿಯ ಮೇಲಿನ ಬಟ್ಟಲು ಆ ಅಲುಗಾಟವನ್ನು ಹೇಗೆ ತಡೆದೀತು? ಇಡೀ ತಲೆಗೆ ದಪ್ಪ ಮೆತ್ತೆಯನ್ನು ಕಟ್ಟುವ ಮುಷ್ಟಿಯುದ್ಧದಲ್ಲಿಯೇ ಈ ವಿಷಯವಾಗಿ ದೊಡ್ಡ ವಾದ ನಡೆಯಿತು. 2013ರಲ್ಲಿ ಅಲ್ಲಿಯ ಅಂತರರಾಷ್ಟ್ರೀಯ ಸಂಸ್ಥೆಯು ಪ್ರೌಢ ಪುರುಷರ ಶಿರಸ್ತ್ರಾಣವನ್ನು ತೆಗೆಸಿಬಿಟ್ಟಿತು. 2016ರ ಒಲಿಂಪಿಕ್ ಪಂದ್ಯಗಳಲ್ಲಿ ಗಂಡಸರು ಬರಿತಲೆಯಿಂದಲೂ ಹೆಂಗಸರು ಶಿರಸ್ತ್ರಾಣದಿಂದಲೂ ಹೋರಾಡಿದರು. ಅದು ಸರಿಯೋ ತಪ್ಪೋ ನಾನು ನಿರ್ಣಯಿಸಲಾರೆ. ಶಿರಸ್ತ್ರಾಣವು ಗಾಯವನ್ನು ತಡೆದಷ್ಟು ಸುಲಭವಾಗಿ ಮಿದುಳಿನ ಆಘಾತವನ್ನು ತಡೆಯಲಾರದೆಂಬುದು ಮಾತ್ರ ಸ್ಪಷ್ಟ.

ಆದಕಾರಣ ಬಿದ್ದ ಮಗುವು ತಲೆನೋವು, ತಲೆತಿರುಗು, ವಾಕರಿಕೆ, ಮಂಕು, ಮರೆವು, ಇವುಗಳಲ್ಲಿ ಯಾವುದನ್ನು ಹೇಳಿದರೂ ಆ ದಿನ ಮತ್ತೆ ಕುಸ್ತಿಗೆ ಬಿಡಬಾರದು. 2009ರಲ್ಲಿ ವಾಷಿಂಗ್ಟನ್ ಸಂಸ್ಥಾನವು ಶಾಲೆಯ ಆಟಗಾರರಿಗಾಗಿ ಇಂಥ ಕಾನೂನನ್ನು ಮೊದಲು ಮಾಡಿತು. 2014ರೊಳಗೆ ಸಂಯುಕ್ತ ಸಂಸ್ಥಾನಗಳೆಲ್ಲವೂ ಅದನ್ನನುಸರಿಸಿದವು. ಹೆಡ್‌ಗೇರ್ ಕಟ್ಟಿದ್ದಾಳಲ್ಲವೇ ಎಂಬ ಧೈರ್ಯದಿಂದ ಈ ಲಕ್ಷಣಗಳನ್ನು ಅಲಕ್ಷ್ಯಮಾಡುವ ತಾಯಿಯನ್ನು ನೆನೆದೇ ನಾನು ಇಷ್ಟು ಒತ್ತಿ ಬರೆಯುತ್ತಿರುವುದು.

ಇನ್ನು ನ್ಯಾಯದ ಪ್ರಶ್ನೆ. ಇಬ್ಬರು ಸಮವಾಗಿ ಸೆಣಸುವ ಆಟದಲ್ಲಿ ಮೈಮೇಲೆ ಹೊಸದಾಗಿ ಏನನ್ನು ಸೇರಿಸಿದರೂ ಅದು ಒಬ್ಬರಿಗೆ ಅನುಕೂಲವಾದೀತೇ ಎಂದು ನೋಡಬೇಕು. ತಲೆಯ ಪಟ್ಟಿಯು ಎದುರಾಳಿಯ ಕೈಗೆ ಒಳ್ಳೆಯ ಹಿಡಿ. ಆದುದರಿಂದ ಅದನ್ನು ಹಿಡಿದೆಳೆಯುವುದು ನಿಷಿದ್ಧ, ಹಿಡಿದರೆ ಎದುರಾಳಿಗೆ ಅಂಕ ಹೋಗುವುದು. ಒಬ್ಬಳ ಕಿವಿಯನ್ನು ಕಾಯುವ ಗಟ್ಟಿ ಬಟ್ಟಲು ಮತ್ತೊಬ್ಬಳ ಹುಬ್ಬನ್ನು ಸೀಳಬಾರದಷ್ಟೆ. ಈ ಕಾರಣದಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಕಿವಿಯ ಕಾಪನ್ನು ಕಟ್ಟಿಕೊಳ್ಳಬಹುದಾದರೂ, ಅದರಲ್ಲಿ ಲೋಹವಾಗಲಿ ಗಟ್ಟಿ ಚಿಪ್ಪಾಗಲಿ ಇರಕೂಡದು. ಹೀಗೆ ಶಾಲೆಯಲ್ಲಿ ಕಡ್ಡಾಯವಾದದ್ದು ಅಲ್ಲಿ ಐಚ್ಛಿಕ. ಶಾಲೆಯಲ್ಲಿ ಒಪ್ಪಿದ ಬಟ್ಟಲು ಅಲ್ಲಿ ನಿಷಿದ್ಧ. ಎಲ್ಲರಿಗೂ ಕಡ್ಡಾಯ ಮಾಡುವುದೇ ಮಕ್ಕಳ ಮಟ್ಟಿಗೆ ಹೆಚ್ಚು ನ್ಯಾಯವೆಂದು ನನಗೆ ತೋರುವುದು. ಇಚ್ಛೆಗೆ ಬಿಟ್ಟರೆ ಕಟ್ಟಿದವಳು ಹೇಡಿಯೆನ್ನಿಸಿಕೊಳ್ಳುವಳು.

ಆದರೆ ಕಡ್ಡಾಯವೂ ಅನ್ಯಾಯದ ಬಾಗಿಲಾಗಬಹುದು. ಜಡೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲು ಆ ಹೈಸ್ಕೂಲು ನಿಯಮಗಳಲ್ಲಿ ಕೂದಲಿಗೆ ಅಳತೆಯಿತ್ತು: ಮುಂದೆ ಹುಬ್ಬು, ಪಕ್ಕದಲ್ಲಿ ಕಿವಿಯ ತುದಿ, ಹಿಂದೆ ಅಂಗಿಯ ಕಾಲರು, ಇವುಗಳನ್ನು ಮೀರಿದ ಕೂದಲಿಗೆ ಟೊಪ್ಪಿಗೆ ಹಾಕಬೇಕು, ಆ ಟೊಪ್ಪಿಗೆಯು ಹೆಡ್‌ಗೇರಿಗೆ ಜೋಡಿಸಿರಬೇಕು. 2018ನೆಯ ಡಿಸೆಂಬರ್ 19ರಂದು ನ್ಯೂಜೆರ್ಸಿ ಸಂಸ್ಥಾನದ ಒಂದು ಪಂದ್ಯದಲ್ಲಿ, ಕೂದಲನ್ನು ಸುರುಳಿಸುರುಳಿಯಾಗಿ ಬಿಟ್ಟಿದ್ದ ಹದಿನಾರು ವರ್ಷದ ಹುಡುಗನ ಟೊಪ್ಪಿಗೆಯು ಆ ಪ್ರಕಾರ ಇಲ್ಲವೆಂದು ರೆಫರಿಯು ಹೇಳಿದನು. ಕೂದಲನ್ನು ಕತ್ತರಿಸಬೇಕು, ಇಲ್ಲವೆ ಪಂದ್ಯವನ್ನು ಬಿಟ್ಟುಕೊಡಬೇಕು. ಆಲೋಚನೆಗೆ ದೊರೆತದ್ದು ಕ್ಷಣಗಳು. ಹುಡುಗನು ಕಪ್ಪುಜನರವನು, ರೆಫರಿಯು ಬಿಳಿಯನು. ನೆರೆದ ಜನರ ಮುಂದೆ ಕತ್ತರಿ ಬಂತು, ಸುರುಳಿಗಳು ಬಿದ್ದವು. ಹುಡುಗನು ಹೆಚ್ಚಿನ ಅವಧಿಯವರೆಗೆ ಸೆಣಸಿ ಗೆದ್ದನು. ಗೆದ್ದವನ ಮುಖದಲ್ಲಿ ಸಂತೋಷವಿರಲಿಲ್ಲವೆಂಬುದನ್ನು ಆ ಚಿತ್ರಗಳನ್ನು ಕಂಡ ಲಕ್ಷಾಂತರ ಜನರು ಬಲ್ಲರು.

ಆ ಟೊಪ್ಪಿಗೆಯು ಹೆಡ್‌ಗೇರಿಗೆ ಜೋಡಿಸಿದ್ದರೆಷ್ಟು, ಇಲ್ಲದಿದ್ದರೆಷ್ಟು? ಕಿವಿಗೂ ಅದಕ್ಕೂ ಏನು ಸಂಬಂಧ? ಸುರಕ್ಷತೆಗಾಗಿ ಮಾಡಿದ ನಿಯಮವು, ನೆಟ್ಟಗಿನ ಗಿಡ್ಡ ಕೂದಲಿನ ತಲೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯಲ್ಪಟ್ಟದ್ದರಿಂದ, ಬೇರೆ ಬಗೆಯ ಕೂದಲಿನ ಮಗುವಿಗೆ ದಂಡನೆಯಾಯಿತು. ಸಂಸ್ಥಾನದ ಸರಕಾರವು ವಿಚಾರಣೆ ನಡೆಸಿತು. 2019ರ ಸೆಪ್ಟೆಂಬರಿನಲ್ಲಿ ಆದ ಒಡಂಬಡಿಕೆಯಲ್ಲಿ ರೆಫರಿಯನ್ನು ಎರಡು ಋತುಗಳ ಕಾಲ ದೂರವಿಟ್ಟರು. ಘಟನೆ ನಡೆದು ಸರಿಯಾಗಿ ಒಂದು ವರ್ಷವಾದ ದಿನ, ಜನಾಂಗಕ್ಕೆ ಸಹಜವಾದ ಕೇಶವಿನ್ಯಾಸಕ್ಕಾಗಿ ಯಾರನ್ನೂ ಭೇದದಿಂದ ಕಾಣಬಾರದೆಂಬ ಕಾನೂನಿಗೆ ಆ ಸಂಸ್ಥಾನದ ಗವರ್ನರರು ಸಹಿಮಾಡಿದರು. 2021-22ರ ಋತುವಿನಿಂದ ರಾಷ್ಟ್ರೀಯ ಒಕ್ಕೂಟವು ಕೂದಲಿನ ಉದ್ದದ ಮಿತಿಯನ್ನೇ ತೆಗೆದುಹಾಕಿತು; ರಬ್ಬರು ಬ್ಯಾಂಡಿನಿಂದ ಬಿಗಿದು ಕಟ್ಟಿದರೆ ಸಾಕು.

ಜಡೆಯನ್ನು ಹೆಣೆದು ಬೆಳೆದ ಸಾವಿರಾರು ಬಾಲಕಿಯರು ಈಗ ಅಲ್ಲಿ ಕುಸ್ತಿಗಿಳಿಯುತ್ತಿರುವಾಗ ಇದು ಸಣ್ಣ ಸಂಗತಿಯಲ್ಲ. “ಕತ್ತರಿಯನ್ನು ಒಳಗಿಡು,” ಎಂದು ನಾನು ಬರೆದೆನು. “ಎರಡು ಜಡೆಗಳಾಗಿ ಬಿಗಿಯಾಗಿ ಹೆಣೆದು ಕಟ್ಟು. ಹೇರ್‌ಪಿನ್ನು, ಮಣಿ, ಗಟ್ಟಿಯಾದದ್ದು ಯಾವುದೂ ಬೇಡ. ಎದುರಿಗಿರುವವಳೂ ಒಬ್ಬ ತಾಯಿಯ ಮಗಳು. ಅಂಗಡಿಗೆ ಹೋಗುವಾಗ ಜಡೆ ಹೆಣೆದುಕೊಂಡೇ ಹೋಗಿ ಹೆಡ್‌ಗೇರನ್ನು ತೊಟ್ಟು ನೋಡಲಿ, ಇಲ್ಲವಾದರೆ ಹಿಂದಿನ ಪಟ್ಟಿಯು ಕೂಡುವುದಿಲ್ಲ. ತಲೆಯನ್ನು ಜೋರಾಗಿ ಅಲ್ಲಾಡಿಸಿದರೂ ಬಟ್ಟಲು ಕಿವಿಯನ್ನು ಬಿಟ್ಟು ಜಾರಬಾರದು, ಕಿವಿಯನ್ನು ಮಡಚಲೂಬಾರದು. ಇನ್ನೊಬ್ಬರದನ್ನು ಎರವಲು ತೆಗೆದುಕೊಳ್ಳದಿರಲಿ. ಹುಳುಕಡ್ಡಿ ಮೊದಲಾದ ಚರ್ಮರೋಗಗಳು ಕುಸ್ತಿಯವರಲ್ಲಿ ಬೇಗ ಅಂಟುವುವು. ದಿನವೂ ಒರಸಿ ಒಣಗಿಸಬೇಕು.”

ಮರುಕಾಗದವು ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಬಂದಿತು. ಜಡೆ ಉಳಿದಿದೆ. ಅಭ್ಯಾಸದಲ್ಲಿಯೂ ಹೆಡ್‌ಗೇರನ್ನು ಕಟ್ಟುತ್ತಾಳಂತೆ, ಗೊಣಗುತ್ತಾ. ಅದನ್ನು ಕಟ್ಟಿದರೆ ಶಿಕ್ಷಕರ ಕೂಗು ಸರಿಯಾಗಿ ಕೇಳಿಸುವುದಿಲ್ಲವೆಂಬುದು ಅವಳ ದೂರು. ಅದನ್ನು ಕಟ್ಟದೆಯೇ ಮನೆಯಲ್ಲಿ ತನ್ನ ಕೂಗು ಕೇಳಿಸುವುದಿಲ್ಲವೆಂದು ತಾಯಿಯು ಕೆಳಗೆ ಬರೆದಿದ್ದಾಳೆ.