ಮೊದಲ ವಾರ ಏನೂ ನಡೆಯಲ್ಲ ಅಂದವರು ಯಾರು?

ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದವರಿಗೆ ಸೀನಿಯರ್‌ಗಳಿಂದ ಸಿಗುವ ಮೊದಲ ಉಪದೇಶ ಸಾಮಾನ್ಯವಾಗಿ ಇದೇ: 'ಮೊದಲ ವಾರ ಏನೂ ನಡೆಯಲ್ಲ, ಆರಾಮಾಗಿ ಊರಲ್ಲಿದ್ದು ಬಾ.' ಮೇಲ್ನೋಟಕ್ಕೆ ಇದರಲ್ಲಿ ಸುಳ್ಳೇನೂ ಇಲ್ಲ. ತಾಲ್ಲೂಕು ಕೇಂದ್ರದ ಯಾವುದಾದರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಆ ವಾರ ಹೋಗಿ ನೋಡಿ. ನೋಟಿಸ್ ಬೋರ್ಡಿನಲ್ಲಿ ಟೈಮ್‌ಟೇಬಲ್ ಬದಲಾಗುತ್ತಲೇ ಇರುತ್ತದೆ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿದ್ದರೆ ಕೆಲವು ಪೀರಿಯಡ್‌ಗಳಿಗೆ ಪಾಠ ಮಾಡುವವರೇ ಇರುವುದಿಲ್ಲ. ಆಫೀಸಿನ ಕಿಟಕಿಯ ಮುಂದೆ ಅಡ್ಮಿಷನ್ ಸಾಲು ಇನ್ನೂ ಕರಗಿರುವುದಿಲ್ಲ. ಹೀಗಾಗಿ ಪಾಠ ಹೆಚ್ಚು ನಡೆಯುವುದಿಲ್ಲ, ನಿಜ. ಆದರೆ ಮುಂದಿನ ಮೂರು ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ನಿರ್ಧರಿಸುವ ಸಣ್ಣಪುಟ್ಟ ಕೆಲಸಗಳೆಲ್ಲ ಆಗುವುದು ಆ ಆರು ದಿನಗಳಲ್ಲೇ.

ಅಪ್ಪನೋ ಅಕ್ಕನೋ ಕಾಲೇಜು ಓದಿದ ಮನೆಯಿಂದ ಬಂದವರಿಗೆ ಈ ವಾರ ತಪ್ಪಿದರೂ ನಡೆಯುತ್ತದೆ. ಯಾವ ಅರ್ಜಿ ಎಲ್ಲಿ ಕೊಡಬೇಕು, ಯಾವ ಸಬ್ಜೆಕ್ಟ್‌ಗೆ ಯಾರನ್ನು ಕೇಳಬೇಕು ಎಂಬುದು ಅವರಿಗೆ ಮನೆಯ ಊಟದ ಹೊತ್ತಿನಲ್ಲೇ ಗೊತ್ತಾಗಿರುತ್ತದೆ. ಪೆಟ್ಟು ಬೀಳುವುದು ಇಡೀ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ. ಅವರ ಪಾಲಿಗೆ ಮೊದಲ ವಾರದ ದೊಡ್ಡ ಅನುಕೂಲವೆಂದರೆ, ಆಗ ಎಲ್ಲರೂ ಹೊಸಬರು. 'ಸರ್, ಇಂಟರ್ನಲ್ಸ್ ಅಂದ್ರೇನು?' ಎಂದು ಆ ವಾರ ಕೇಳಿದರೆ ಯಾರೂ ನಗುವುದಿಲ್ಲ. ಅದನ್ನೇ ಅಕ್ಟೋಬರ್‌ನಲ್ಲಿ ಕೇಳಿದರೆ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತದೆ, ಆಮೇಲೆ ಆ ಹುಡುಗ ಮತ್ತೆಂದೂ ಬಾಯಿ ಬಿಡುವುದಿಲ್ಲ.

ದೆಹಲಿಯಲ್ಲಿ ಕುಳಿತವರಿಗೂ ಇದು ಹೊಳೆಯದೇ ಇಲ್ಲ. ಗಾಂಧಿನಗರದ ಐಐಟಿ 2011ರಿಂದ ಹೊಸ ವಿದ್ಯಾರ್ಥಿಗಳಿಗೆ ಐದು ವಾರಗಳ ಬುನಾದಿ ಕಾರ್ಯಕ್ರಮ ನಡೆಸುತ್ತ ಬಂದಿತು. ಅದರಿಂದ ಪ್ರೇರಣೆ ಪಡೆದ ಎಐಸಿಟಿಇ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರು ವಾರಗಳ ಇಂಡಕ್ಷನ್ ಇರಬೇಕೆಂದಿತು. ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಎಲ್ಲ ಕಾಲೇಜುಗಳಿಗೂ ಮಾರ್ಗದರ್ಶಿ ಕೊಟ್ಟಿತು. ಹೊಸಬರು ಜಾಗಕ್ಕೆ ಒಗ್ಗಿಕೊಳ್ಳಲಿ, ಅಧ್ಯಾಪಕರೊಂದಿಗೆ ಮಾತಿಗೆ ಬೀಳಲಿ, ಆಮೇಲೆ ಪಾಠ ಶುರುವಾಗಲಿ ಎಂಬುದು ಇವೆಲ್ಲದರ ಆಶಯ. ನಮ್ಮಲ್ಲಿ ಬಹಳ ಕಡೆ ಅದು ಇಳಿದು ಇಳಿದು ಒಂದು ಬೆಳಗಿನ ವೇದಿಕೆ ಕಾರ್ಯಕ್ರಮವಾಗಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಿಡಕ್ಕೆ ನೀರು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. (ಈ ಕ್ರಮ ಇಲ್ಲದೆ ಕನ್ನಡ ನಾಡಿನಲ್ಲಿ ಯಾವ ಆರಂಭವೂ ಆರಂಭವಲ್ಲ!) ಆದರೂ ಹೋಗಿ ಕೂರಿ. ಭಾಷಣ ಮರೆತರೂ ಚಿಂತೆಯಿಲ್ಲ. ಎನ್‌ಎಸ್‌ಎಸ್ ಅಧಿಕಾರಿ ಯಾರು, ಲೈಬ್ರರಿಯನ್ ಯಾರು, ಸ್ಕಾಲರ್‌ಶಿಪ್ ನೋಡಿಕೊಳ್ಳುವವರು ಯಾರು ಎಂಬ ಮುಖಪರಿಚಯ ಬೇರೆಲ್ಲೂ ಒಟ್ಟಿಗೆ ಸಿಗದು.

ನನ್ನನ್ನು ಕೇಳಿದರೆ, ತರಗತಿಗಿಂತ ಮೊದಲು ತಿಳಿದುಕೊಳ್ಳಬೇಕಾದ ಜಾಗ ಕಾಲೇಜಿನ ಆಫೀಸು. ಪ್ರಿನ್ಸಿಪಾಲರ ಹೆಸರು ನಿಧಾನಕ್ಕೆ ಕಲಿತರೂ ಆದೀತು, ಸ್ಕಾಲರ್‌ಶಿಪ್ ಕಡತ ಯಾವ ಟೇಬಲ್ಲಿನಲ್ಲಿದೆ ಎಂಬುದು ಮೊದಲ ವಾರವೇ ಗೊತ್ತಿರಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಅದು ಕೇಳುವುದು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ. ನಾಡಕಚೇರಿಯಲ್ಲಿ ಮಾಡಿಸಿದ ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಹೊಸದು ಬರುವವರೆಗೆ ಅರ್ಜಿ ಮುಂದೆ ಹೋಗುವುದಿಲ್ಲ. ಕೆಲವು ದಾಖಲೆಗಳಿಗೆ ಕಾಲೇಜಿನಲ್ಲೇ ಇ-ದೃಢೀಕರಣ ಆಗಬೇಕು, ಅದನ್ನು ಮಾಡುವವರು ರಜೆಯಲ್ಲಿದ್ದರೆ ನೀವೂ ಕಾಯಬೇಕು. ಇಷ್ಟೆಲ್ಲ ಸರಿಯಿದ್ದರೂ ಬಹಳ ಮಂದಿ ಮುಗ್ಗರಿಸುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದೇ ಕಾಗುಣಿತ. ಹಣ ಜಮೆಯಾಗುವುದು ಆಧಾರ್ ಜೋಡಣೆಯಾದ ಖಾತೆಗೆ. ಬರೀ ಖಾತೆ ಇದ್ದರೆ ಸಾಲದು, ಜೋಡಣೆ ಆಗಿದೆಯೇ ಎಂದು ಬ್ಯಾಂಕಿಗೆ ಹೋಗಿ ಕೇಳಬೇಕು. ಇವನ್ನೆಲ್ಲ ಪಾಠವಿಲ್ಲದ ಮಧ್ಯಾಹ್ನಗಳಲ್ಲಿ ಮುಗಿಸಿಕೊಳ್ಳಬಹುದು. ಕೊನೆಯ ದಿನಾಂಕದ ಹಿಂದಿನ ದಿನ ಸೈಬರ್ ಸೆಂಟರಿನಲ್ಲಿ ನಿಂತು ಸರ್ವರ್ ಡೌನ್ ಎಂದು ಗೋಳಾಡುವವರಲ್ಲಿ ಬಹುಪಾಲು ಮಂದಿ, ಮೊದಲ ವಾರ ಊರಲ್ಲಿದ್ದವರೇ.

ಹಾಸ್ಟೆಲ್ ವಿಷಯವೂ ಹೀಗೆಯೇ. ಬಿಸಿಎಂ ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನ ಆಯ್ಕೆಪಟ್ಟಿ ಕಾಲೇಜು ಶುರುವಾಗುವ ದಿನವೇ ಬರುತ್ತದೆಂದು ನಂಬಿ ಕೂರಬೇಡಿ. ಅಲ್ಲಿಯವರೆಗೆ ಚಿಕ್ಕಮ್ಮನ ಮನೆಯೋ ನಾಲ್ವರು ಸೇರಿ ಮಾಡಿದ ರೂಮೋ ಗತಿ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ 'ವಿದ್ಯಾಸಿರಿ' ಯೋಜನೆ ಇದೆ. ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಕೊಡುವ ಯೋಜನೆಯಾಗಿ ಅದು ಹೆಸರಾಗಿದೆ. ಹಾಸ್ಟೆಲ್‌ಗೆ ಅರ್ಜಿ ಹಾಕಿ ಸುಮ್ಮನಿದ್ದವರಿಗೆ ಇದು ತಿಳಿಯುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ.

ಇನ್ನು ವಿಷಯಗಳ ಆಯ್ಕೆ. ಇಲ್ಲಿ ಅಣ್ಣ-ಅಕ್ಕಂದಿರ ಮಾತನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಬೇಕು. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವಿನ ಮೂರು ವರ್ಷಗಳಲ್ಲಿ ಸೇರಿದವರು ಓದಿದ ಚೌಕಟ್ಟೇ ಬೇರೆ. ಅವರು ಹೇಳುವ ಓಪನ್ ಎಲೆಕ್ಟಿವ್, ಕ್ರೆಡಿಟ್ ಲೆಕ್ಕವೆಲ್ಲ ಇಂದು ಹಾಗೇ ಅನ್ವಯಿಸುವುದಿಲ್ಲ. ತೆಗೆದುಕೊಂಡ ಕಾಂಬಿನೇಷನ್ ಬೇಡವೆನಿಸಿದರೆ ಬದಲಿಸಲು ಅವಕಾಶವಿರುವುದೂ ಆರಂಭದ ಕೆಲವೇ ದಿನ. ಹೆಸರು ವಿಶ್ವವಿದ್ಯಾಲಯಗಳ ದಾಖಲಾತಿ ನಡೆಯುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಒಮ್ಮೆ ಗಟ್ಟಿಯಾಗಿ ಕೂತರೆ ಬಿಡಿಸುವುದು ಕಷ್ಟ. ಇತಿಹಾಸ ಬೇಕೋ ಅರ್ಥಶಾಸ್ತ್ರ ಬೇಕೋ ಎಂಬ ಅನುಮಾನವಿದ್ದರೆ ಎರಡೂ ತರಗತಿಗಳಲ್ಲಿ ಒಂದೊಂದು ದಿನ ಕೂತು ನೋಡಿ. ಹೊರಗೆ ಹೋಗು ಎಂದು ಆ ವಾರ ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇಂಗ್ಲಿಷಿನದು. ಹನ್ನೆರಡು ವರ್ಷ ಕನ್ನಡದಲ್ಲಿ ಓದಿ ಬಂದವರ ಮುಂದೆ ಉಪನ್ಯಾಸಕರು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ ಹೋಗುತ್ತಾರೆ. ಬೋರ್ಡಿನ ಮೇಲೆ ಉಳಿದ ನಾಲ್ಕು ಪದಗಳನ್ನು ಬಿಟ್ಟರೆ ನೋಟ್‌ಬುಕ್ಕಿನಲ್ಲಿ ಏನೂ ಇರುವುದಿಲ್ಲ. ಕಾಲೇಜು ಬಿಡುವ ಯೋಚನೆ ಬರುವುದು ಇಂಥ ಸಂಜೆಗಳಲ್ಲಿ. ಆ ಸಂಜೆಯೇ ಸ್ಟಾಫ್ ರೂಮಿಗೆ ಹೋಗಿ ಎರಡು ಸಂಗತಿ ಕೇಳಬೇಕು. ಒಂದು, ಈ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ? ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿಎ, ಬಿಕಾಂ ವಿದ್ಯಾರ್ಥಿಗಳಿಗೆ ಆ ಅವಕಾಶವಿದೆ. ಇನ್ನೊಂದು, ಕನ್ನಡದಲ್ಲಿ ಯಾವ ಪುಸ್ತಕವಿದೆ? ಬಿಎಸ್ಸಿಯವರಿಗೆ ಇಂಗ್ಲಿಷ್ ತಪ್ಪಿದ್ದಲ್ಲ. ಅವರು ಪಾಠವನ್ನು ಕನ್ನಡದಲ್ಲೇ ಬರೆದುಕೊಂಡು ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಉಳಿಸಿಕೊಂಡರೆ ಒಂದೆರಡು ತಿಂಗಳಲ್ಲಿ ದಾರಿ ಸಲೀಸಾಗುತ್ತದೆ. ಬಹಳಷ್ಟು ಅಧ್ಯಾಪಕರೂ ಇದೇ ದಾರಿಯಲ್ಲಿ ಬಂದವರು, ಕೇಳಿದರೆ ಖುಷಿಯಿಂದ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾರೆ. ಕೇಳದೆ ಹೇಳುವುದಿಲ್ಲ, ಅಷ್ಟೆ. ಜೊತೆಗೆ, ನ್ಯಾಕ್ ಮೌಲ್ಯಮಾಪನದಲ್ಲಿ ಮೆಂಟರ್ ವ್ಯವಸ್ಥೆಗೂ ಅಂಕವಿದ್ದುದರಿಂದ ಹೆಚ್ಚಿನ ಕಾಲೇಜುಗಳಲ್ಲಿ ನಿಮ್ಮ ಹೆಸರಿನ ಮುಂದೆ ಒಬ್ಬ ಅಧ್ಯಾಪಕರ ಹೆಸರು ಕಾಗದದ ಮೇಲಾದರೂ ಇರುತ್ತದೆ. ಅದು ಯಾರೆಂದು ಕೇಳಿ, ಹೋಗಿ ಪರಿಚಯ ಹೇಳಿಕೊಳ್ಳಿ.

ಎನ್‌ಸಿಸಿ ಸೇರಬೇಕೆನ್ನುವವರು ಒಂದು ದಿನವೂ ತಡ ಮಾಡಬಾರದು. ಪದವಿ ಮಟ್ಟದ ತರಬೇತಿ ಮೂರು ವರ್ಷದ್ದು, 'ಸಿ' ಸರ್ಟಿಫಿಕೇಟ್ ಪರೀಕ್ಷೆ ಮೂರನೇ ವರ್ಷದಲ್ಲಿ. ಎರಡನೇ ವರ್ಷ ಸೇರುತ್ತೇನೆಂದರೆ ಸೈನ್ಯ, ಪೊಲೀಸ್ ಕನಸಿರುವವರಿಗೆ ಬೇಕಾದ ಆ ಕಾಗದ ಕೈತಪ್ಪಿದಂತೆಯೇ.

ಬಸ್ಸನ್ನು ಮರೆಯುವಂತಿಲ್ಲ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ 'ಶಕ್ತಿ' ಯೋಜನೆ ಬಂದ ಮೇಲೆ ಹಳ್ಳಿಯಿಂದಲೇ ದಿನಾ ಓಡಾಡಿಕೊಂಡು ಓದುವ ಹುಡುಗಿಯರ ಖರ್ಚು ಹಗುರವಾಗಿದೆ. ಹುಡುಗರು ಸೇವಾಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು. ಆದರೆ ಟಿಕೆಟ್‌ಗಿಂತ ದೊಡ್ಡ ತೊಡಕು ಸಮಯದ್ದು. ಕೊನೆಯ ಪೀರಿಯಡ್ ನಾಲ್ಕಕ್ಕೆ ಮುಗಿದು ಊರಿನ ಬಸ್ಸು ಮೂರೂವರೆಗೇ ಹೊರಟರೆ ಒಂದು ವಿಷಯದ ಹಾಜರಾತಿ ಇಡೀ ಸೆಮಿಸ್ಟರ್ ಸೋರುತ್ತದೆ. ಮೊದಲ ವಾರವೇ ಊರಿನ ಹತ್ತು ಮಂದಿ ಸೇರಿ ಡಿಪೋ ಮ್ಯಾನೇಜರ್‌ಗೆ ಮನವಿ ಕೊಟ್ಟರೆ ಅದರ ತೂಕವೇ ಬೇರೆ. ಹಾಜರಾತಿ ಶೇಕಡಾ 75 ಇರಲೇಬೇಕು. ಸೆಮಿಸ್ಟರಿಗೆ 90 ಪಾಠದ ದಿನ ಎಂದಿಟ್ಟುಕೊಂಡರೂ ತಪ್ಪಿಸಿಕೊಳ್ಳಲು ಸಿಗುವುದು 22 ದಿನ. ಜ್ವರ, ಹಬ್ಬ, ಮದುವೆ ಎಲ್ಲವೂ ಅದರೊಳಗೇ ಆಗಬೇಕು. ಏನೂ ನಡೆಯದ ವಾರವೆಂದು ಆರನ್ನು ಮೊದಲೇ ಕಳೆದರೆ ಉಳಿಯುವುದು 16.

ರ್‍ಯಾಗಿಂಗ್ ಬಗ್ಗೆ ಒಂದೇ ಮಾತು. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರ ಅದು ಜೈಲು ಶಿಕ್ಷೆಯಾಗಬಹುದಾದ ಅಪರಾಧ. ತಮಾಷೆಗೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಯುಜಿಸಿಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಇದೆ. ಆ ಸಂಖ್ಯೆಯನ್ನು ಮಗಳ ಮೊಬೈಲಿನಲ್ಲಿ ಮಾತ್ರವಲ್ಲ, ಅಪ್ಪನ ಮೊಬೈಲಿನಲ್ಲೂ ಉಳಿಸಿಡಿ.

ಕೊನೆಯದಾಗಿ ಮನೆಯ ಹಿರಿಯರಿಗೊಂದು ವಿನಂತಿ. ಕಾಲೇಜು ಶುರುವಾಗುವ ಕಾಲಕ್ಕೆ ಹೊಲದಲ್ಲಿ ಕಳೆ ಕೀಳುವ ಕೆಲಸವೂ ಇರುತ್ತದೆ, ಶ್ರಾವಣದ ದೇವರ ಕಾರ್ಯಗಳೂ ಇರುತ್ತವೆ ಎಂಬುದು ಗೊತ್ತಿದೆ. ಆ ಒಂದು ವಾರ ಮಾತ್ರ ಮಕ್ಕಳನ್ನು ಊರಿಗೆ ಕರೆಸಿಕೊಳ್ಳಬೇಡಿ. ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು ನೀವೇ ಕಾಲೇಜಿಗೆ ಹೋಗಿ ಬನ್ನಿ. ಹೋಗುವಾಗ ಆಧಾರ್ ಕಾರ್ಡು, ಪಾಸ್‌ಬುಕ್ಕು ಎರಡನ್ನೂ ಚೀಲದಲ್ಲಿಟ್ಟುಕೊಳ್ಳಿ.