ಅಂಚೆಯ ಮೂಲಕ ಚೆಕ್ಕಿನ ಹಣ ಖಾತೆಗೆ ಸೇರಿಸುವ ಬಗೆ



ತೊಗರಿ ರಾಶಿ ಮುಗಿಯುವ ಹೊತ್ತಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಹಳ್ಳಿಗಳಲ್ಲಿ ಚೆಕ್ಕಿನ ಮಾತು ಕೇಳಿಬರುತ್ತದೆ. ಬೆಂಬಲ ಬೆಲೆಯ ಖರೀದಿಯ ಹಣ ನೇರವಾಗಿ ಖಾತೆಗೆ ಜಮೆಯಾಗುತ್ತದೆ, ನಿಜ. ಆದರೆ ಅಡತಿ ಅಂಗಡಿಯವರು, ಕಲ್ಲಿನ ಗಣಿಯವರು, ಲಾರಿ ಬಾಡಿಗೆ ಕೊಡುವವರು ಒಮ್ಮೊಮ್ಮೆ ಚೆಕ್ಕನ್ನೇ ಕೊಡುತ್ತಾರೆ. "ಬ್ಯಾಂಕು ದೂರ, ಒಂದು ದಿನದ ಕೂಲಿ ಹೋಗುತ್ತದೆ, ಟಪಾಲ ಕಚೇರಿಯಲ್ಲಿ ಕೊಟ್ಟರೆ ಆಗುವುದಿಲ್ಲವೇ?" ಎಂದು ಅನೇಕರು ಕೇಳುತ್ತಾರೆ. ಆಗುತ್ತದೆ. ಆದರೆ ಅದರ ಕ್ರಮವನ್ನು ತಿಳಿದಿರಬೇಕು.

ಮೊದಲು ಒಂದು ಮಾತು. ಬೇರೆ ಬ್ಯಾಂಕಿನಲ್ಲಿರುವ ನಿಮ್ಮ ಖಾತೆಗೆಂದು ಅಂಚೆ ಕಚೇರಿಯವರು ಚೆಕ್ಕು ಜಮೆ ಮಾಡಿಕೊಳ್ಳುವುದಿಲ್ಲ. ಅಂಚೆಯಿಂದ ಆಗುವ ದಾರಿಗಳು ಎರಡು.

ಮೊದಲನೆಯದು, ಅಂಚೆ ಕಚೇರಿಯ ಉಳಿತಾಯ ಖಾತೆ. ಈ ಉಳಿತಾಯ ಬ್ಯಾಂಕು 1882ರಿಂದ ನಡೆದುಬಂದಿದೆ. 500 ರೂಪಾಯಿ ಕಟ್ಟಿ ಖಾತೆ ತೆರೆಯಬಹುದು. ನಿಮ್ಮ ಹೆಸರಿಗೆ ಬಂದ ಚೆಕ್ಕನ್ನು ತಾಲ್ಲೂಕಿನ ಅಂಚೆ ಕಚೇರಿಗೆ ಒಯ್ದು, ಜಮಾ ಚೀಟಿ ತುಂಬಿ, ಈ ಖಾತೆಗೆ ಹಾಕಬಹುದು. ಚೆಕ್ಕು ಪಾಸಾದ ಮೇಲೆಯೇ ಹಣ ಕೈಗೆ ಸಿಗುತ್ತದೆಂಬುದನ್ನು ಮರೆಯಬಾರದು. ಆ ಹಣ ನಿಮ್ಮ ಬ್ಯಾಂಕಿಗೇ ಬೇಕೆಂದಿದ್ದರೆ ಅದಕ್ಕೂ ಅನುಕೂಲವಿದೆ. 2022ರ ಮೇ 18ರಿಂದ ಅಂಚೆ ಉಳಿತಾಯ ಖಾತೆಯಿಂದ ಯಾವುದೇ ಬ್ಯಾಂಕಿನ ಖಾತೆಗೆ ನೆಫ್ಟ್ ಮೂಲಕ ಹಣ ಕಳಿಸಬಹುದಾಗಿದೆ. ಬ್ಯಾಂಕಿನ ಪಾಸ್ ಪುಸ್ತಕವನ್ನು ಜೊತೆಗೆ ಒಯ್ದರೆ ಖಾತೆ ಸಂಖ್ಯೆ ತಪ್ಪುವುದಿಲ್ಲ.

ಎರಡನೆಯದು, ಚೆಕ್ಕನ್ನೇ ನಿಮ್ಮ ಬ್ಯಾಂಕಿನ ಶಾಖೆಗೆ ಟಪಾಲಿನಲ್ಲಿ ಕಳಿಸುವುದು. ಸಾದಾ ಲಕೋಟೆಯಲ್ಲಿ ಎಂದೂ ಕಳಿಸಬಾರದು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಲಕೋಟೆಯೊಳಗೆ ತುಂಬಿದ ಜಮಾ ಚೀಟಿಯೂ, ಹೆಸರು, ಊರು, ಫೋನ್ ಸಂಖ್ಯೆ ಬರೆದ ಒಂದು ಕಾಗದವೂ ಇರಲಿ. ಚೆಕ್ಕಿನ ಹಿಂಬದಿಯಲ್ಲಿ ನಿಮ್ಮ ಹೆಸರು ಮತ್ತು ಖಾತೆ ಸಂಖ್ಯೆ ಬರೆಯಿರಿ. ಕಳಿಸುವ ಮೊದಲು ಎರಡೂ ಬದಿಯ ಚಿತ್ರ ತೆಗೆದಿಡಿ. ಟಪಾಲು ಮುಟ್ಟಿತೆಂದರೆ ಹಣ ಜಮೆಯಾಯಿತೆಂದಲ್ಲ. ಪಾಸ್ ಪುಸ್ತಕದಲ್ಲಿ ನೋಡಿದ ಮೇಲೆಯೇ ನಿಶ್ಚಿಂತೆ.

ಚೆಕ್ಕು ತೆಗೆದುಕೊಳ್ಳುವಾಗಲೇ ನಾಲ್ಕು ಸಂಗತಿ ನೋಡಿಕೊಳ್ಳತಕ್ಕದ್ದು.

ತಾರೀಖು: 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು, ಅದಕ್ಕೂ ಮೊದಲು ಆರು ತಿಂಗಳಿತ್ತು. ಜನವರಿ 10ರ ಚೆಕ್ಕು ಏಪ್ರಿಲ್ 9ರೊಳಗೆ ಬ್ಯಾಂಕಿನ ಮುಂದೆ ಬರಬೇಕು. ಟಪಾಲಿನಲ್ಲಿ ಕಳೆಯುವ ದಿನಗಳೂ ಇದರಲ್ಲೇ ಸೇರುತ್ತವೆ. ಮಗಳ ಮದುವೆಗೆ ಬೇಕಾದೀತೆಂದು ಪೆಟ್ಟಿಗೆಯಲ್ಲಿ ಇಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಮುಂದಿನ ತಾರೀಖು ಹಾಕಿದ ಚೆಕ್ಕಿಗೆ ಆ ದಿನ ಬರುವವರೆಗೆ ಹಣ ಸಿಗದು.

ಹೆಸರು: ಪಾಸ್ ಪುಸ್ತಕದಲ್ಲಿ ಇದ್ದಂತೆಯೇ ಬರೆಸಬೇಕು. ಕರೆಯುವ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಆದರೆ ಚೆಕ್ಕು ಮರಳಿ ಬರಬಹುದು. ಹೆಣ್ಣುಮಕ್ಕಳಿಗೆ ತವರಿನ ಹೆಸರು, ಗಂಡನ ಮನೆಯ ಹೆಸರು ಎಂದು ಈ ತೊಡಕು ಹೆಚ್ಚು.

ಗೆರೆ: ಎಡಗಡೆಯ ಮೇಲ್ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದು "ಅಕೌಂಟ್ ಪೇಯಿ" ಎಂದು ಬರೆದಿದ್ದರೆ ಹಣ ಹೆಸರಿದ್ದವರ ಖಾತೆಗೇ ಹೋಗುತ್ತದೆ. ಗೆರೆಯಿಲ್ಲದ ಬೇರರ್ ಚೆಕ್ಕು ಕಳೆದರೆ ಸಿಕ್ಕವರು ನಗದು ಪಡೆಯುವ ಭಯವಿದೆ. ಟಪಾಲಿಗೆ ಗೆರೆ ಎಳೆದದ್ದೇ ತಕ್ಕದ್ದು.

ತಿದ್ದುಪಡಿ: ಹೆಸರನ್ನಾಗಲಿ ಮೊತ್ತವನ್ನಾಗಲಿ ಹೊಡೆದು ತಿದ್ದಿದ ಚೆಕ್ಕನ್ನು ಒಪ್ಪಬೇಡಿರಿ. ಹೊಸದನ್ನೇ ಕೇಳಿರಿ.

ಚೆಕ್ಕು ಕಳೆದುಹೋದರೆ ಬರೆದುಕೊಟ್ಟವರಿಗೆ ಕೂಡಲೇ ತಿಳಿಸಿ, ಅವರ ಬ್ಯಾಂಕಿನಲ್ಲಿ ಪಾವತಿಯನ್ನು ತಡೆಹಿಡಿಸಬೇಕು. ನೀವೇ ಬ್ಯಾಂಕಿಗೆ ಹೋದರೆ ಪೆಟ್ಟಿಗೆಯಲ್ಲಿ ಹಾಕಿ ಬರುವ ಬದಲು ಕೌಂಟರಿನಲ್ಲಿ ಕೊಟ್ಟು ಸ್ವೀಕೃತಿ ಕೇಳಿರಿ. ಕೌಂಟರಿನಲ್ಲಿ ಸ್ವೀಕೃತಿ ಕೊಡಲು ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ.

ಕೊಟ್ಟವರ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಧೈರ್ಯಗೆಡಬಾರದು, ತಡವನ್ನೂ ಮಾಡಬಾರದು. ಬ್ಯಾಂಕು ಕೊಡುವ ಕಾರಣದ ಚೀಟಿಯನ್ನು ಕೇಳಿ ಪಡೆಯಿರಿ. 1881ರ ಕಾಯಿದೆಯ 138ನೆಯ ಕಲಮಿನಂತೆ, ಸುದ್ದಿ ತಿಳಿದ 30 ದಿನಗಳೊಳಗೆ ಹಣ ಕೇಳಿ ಲಿಖಿತ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಹಾಕಬಹುದು. "ನಾಳೆ ಕೊಡುತ್ತೇನೆ" ಎಂಬ ಬಾಯಿಮಾತನ್ನು ನಂಬಿ ಈ ದಿನಗಳನ್ನು ಕಳೆದುಕೊಂಡರೆ ಕಾಯಿದೆಯ ಬಲ ಕುಂದುತ್ತದೆ.

ಆರು ತಿಂಗಳು ಹೊಲದಲ್ಲಿ ದುಡಿದು ಬೆಳೆದ ತೊಗರಿಯ ಬೆಲೆ ಒಂದು ತುಂಡು ಕಾಗದದಲ್ಲಿ ಅಡಗಿರುತ್ತದೆ. ಬೀಜವನ್ನು ಕಾಪಾಡುವಷ್ಟೇ ಎಚ್ಚರಿಕೆಯಿಂದ ಅದನ್ನೂ ಕಾಪಾಡಬೇಕು. ಈ ಲೇಖನವನ್ನು ಓದಬಲ್ಲವರು ಓದಲಾರದ ನೆರೆಹೊರೆಯವರಿಗೆ ಓದಿ ಹೇಳಬೇಕೆಂದು ವಿನಂತಿ.